ಹಿತ್ತಲ ಕೊಳಕ್ಕೆ ಮೀನು ಆರಿಸಿದ್ದು ಹೇಗೆ: ನನ್ನ ಅನುಭವ

ನಮ್ಮ ಹಿತ್ತಲ ಕೊಳ 6 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂವರೆ ಮೀಟರ್ ಆಳ. ಮಣ್ಣಿನ ತಳ, ನಿಂತ ನೀರು. ಅದಕ್ಕೆ ಮೊದಲ ಸಲ ಮೀನು ಬಿಡುವಾಗ ನಾನು ಯೋಚಿಸಿದ್ದು ಒಂದೇ, ನಮ್ಮ ಮನೆಯವರು ಯಾವ ಮೀನು ಇಷ್ಟಪಟ್ಟು ತಿನ್ನುತ್ತಾರೆ ಅಂತ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಸೇರಿಸಿ 150 ಮರಿ ತಂದೆ. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ, ಒಂದರ ತಟ್ಟೆಗೆ ಇನ್ನೊಂದು ಬಾಯಿ ಹಾಕುವುದಿಲ್ಲ ಎಂಬ ಲೆಕ್ಕ ಓದಿಕೊಂಡಿದ್ದೆ. ಲೆಕ್ಕ ಸರಿಯೇ. ಆದರೆ ನೀರಿಗೆ ಗಾಳಿ ಊದುವ ಗಾಳಿಯಂತ್ರವಿಲ್ಲದ ಕೊಳದಲ್ಲಿ ಚದರ ಮೀಟರಿಗೆ ಹೆಚ್ಚುಕಮ್ಮಿ ಒಂದು ಮೀನು ಎಂಬ ಇನ್ನೊಂದು ಲೆಕ್ಕವೂ ಇದೆ. 24 ಚದರ ಮೀಟರಿಗೆ 150 ಅಂದರೆ ಆರು ಪಟ್ಟು. ಮರಿ ಕೊಟ್ಟವರು ‘ಏನೂ ಆಗಲ್ಲ, ಬಿಡಿ’ ಅಂದರು, ಬಿಟ್ಟೆ.

ನಾಲ್ಕನೇ ತಿಂಗಳಲ್ಲಿ ಮೂರು ದಿನ ಎಡೆಬಿಡದೆ ಮೋಡ ಕವಿದಿತ್ತು. ನಾಲ್ಕನೇ ದಿನ ನಸುಕಿನಲ್ಲಿ ಹೋಗಿ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಕಳೆದು ಉಸಿರಿಗೆ ಒದ್ದಾಡುತ್ತಿದ್ದವು. ಬಕೆಟ್ಟಿನಿಂದ ನೀರು ಮೊಗೆದು ಮೊಗೆದು ಎತ್ತರದಿಂದ ಸುರಿದೆ. ಬಿಸಿಲು ಬರುವ ಹೊತ್ತಿಗೆ ಕಾಟ್ಲಾ ಒಂದೂ ಉಳಿದಿರಲಿಲ್ಲ. ದಪ್ಪ ಮೀನುಗಳೇ ಮೊದಲು ಹೋದವು. ಆ ಬೆಳಗ್ಗೆ ನನಗೆ ಆದ ಸಂಕಟ ಇವತ್ತಿಗೂ ಮರೆತಿಲ್ಲ.

ಕಾರಣ ಆಮೇಲೆ ತಿಳಿಯಿತು. ಹಸಿರು ನೀರಿನ ಪಾಚಿ ಬಿಸಿಲಿದ್ದಾಗ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಕೆಸರು ಎಲ್ಲವೂ ಸೇರಿ ಆ ಆಮ್ಲಜನಕವನ್ನು ಬಳಸಿಬಿಡುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಗಳಿಗೆಯೇ ಕೊಳಕ್ಕೆ ಅತ್ಯಂತ ಬಡ ಗಳಿಗೆ. ಮೋಡ ಕವಿದರೆ ಹಗಲಿನ ಗಳಿಕೆಯೂ ಇಲ್ಲ. ಮೇಲಾಗಿ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ.

ಎರಡನೇ ಸಲ ಮರಿ ತರುವ ಮೊದಲು ಒಂದು ತಿಂಗಳು ಬರೀ ನೀರನ್ನೇ ಅಳೆದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್, ಒಂದು ತಾಪಮಾಪಕ, ಒಂದು ನೋಟ್‌ಬುಕ್ ಅಷ್ಟೇ. ನಸುಕಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ. ನಸುಕಿನ ಆಮ್ಲಜನಕ ಹೆಚ್ಚಿನ ದಿನ ಲೀಟರಿಗೆ 3 ಮಿಲಿಗ್ರಾಂ ಆಸುಪಾಸು. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನು ಚೆನ್ನಾಗಿ ಬೆಳೆಯಲು 5 ಬೇಕು. ನೀರಿನ ಬಿಸಿ 24ರಿಂದ 31 ಡಿಗ್ರಿ, ಚಳಿ ದಿನಗಳಲ್ಲಿ 19ಕ್ಕೆ ಇಳಿಯುತ್ತಿತ್ತು. ನೀರು ತುಂಬ ಹಸಿರಾದ ದಿನ ಮಧ್ಯಾಹ್ನದ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 9 ಮುಟ್ಟುತ್ತಿತ್ತು. ಅಷ್ಟು ಏರಿದರೆ ನೀರಿನಲ್ಲಿರುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ.

ಈ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಮೀನನ್ನು ತೂಗಿ ನೋಡಿದೆ. ಟ್ರೌಟ್ ಆಸೆ ಮೊದಲ ಗಳಿಗೆಯಲ್ಲೇ ಬಿಟ್ಟೆ. ಅದಕ್ಕೆ 20 ಡಿಗ್ರಿಗಿಂತ ತಣ್ಣಗಿನ, ಆಮ್ಲಜನಕ ತುಂಬಿದ ನೀರು ಬೇಕು. ಸಾಮಾನ್ಯ ಗೆಂಡೆ ಗಟ್ಟಿ ಮೀನು, ಚಳಿಯನ್ನೂ ತಾಳುತ್ತದೆ, ಕಡಿಮೆ ಆಮ್ಲಜನಕವನ್ನೂ ತಾಳುತ್ತದೆ. ಆದರೆ ಮೂತಿಯಿಂದ ತಳ ಕೆದಕುತ್ತಲೇ ಇರುತ್ತದೆ, ಮಣ್ಣಿನ ಕೊಳದ ನೀರು ಸದಾ ಕದಡಿರುತ್ತದೆ, ದಡವೂ ಸಡಿಲವಾಗುತ್ತದೆ. ಇನ್ನೊಂದು, ಗೆಂಡೆಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ. ಕಾಟ್ಲಾ, ರೋಹುಗಳಿಗೂ ಇದೇ ಕಷ್ಟ. ಜೊತೆಗೆ ಅವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿಯವರು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಜಾತಿಯ ಮೀನುಗಳಿಂದ ಮರಿ ಮಾಡಿಸಿದ ಮೇಲೆಯೇ ನದಿಗೆ ಹೋಗದೆ ಮರಿ ಪಡೆಯುವ ದಾರಿ ತೆರೆಯಿತು. ಹಾಗಾಗಿ ಪ್ರತಿ ಸಲವೂ ಮರಿ ಹೊರಗಿನಿಂದಲೇ ತರಬೇಕು.

ಮರಲ್ ಮೀನು ಗಾಳಿಯನ್ನೇ ನೇರವಾಗಿ ಉಸಿರಾಡುತ್ತದೆ, ನಸುಕಿನ ಬರಗಾಲ ಅದಕ್ಕೆ ಲೆಕ್ಕವೇ ಇಲ್ಲ. ಆದರೆ ಅದು ಬೇಟೆಗಾರ, ಬದುಕಿರುವ ಮೀನು ತಿಂದು ಬೆಳೆಯುವಂಥದ್ದು, ಸಣ್ಣ ಒಡಹುಟ್ಟಿದವುಗಳನ್ನೂ ಬಿಡುವುದಿಲ್ಲ. ಅದೊಂದನ್ನೇ ಸಾಕುವುದು ನನ್ನಿಂದಾಗದು ಅನ್ನಿಸಿತು.

ಉಳಿದದ್ದು ತಿಲಾಪಿಯಾ. ಬಿಸಿ ನೀರು ಒಗ್ಗುತ್ತದೆ, ಆಮ್ಲಜನಕ ಕಡಿಮೆಯಾದರೂ ಬೇರೆಯವಕ್ಕಿಂತ ತಡೆಯುತ್ತದೆ, ಪಾಚಿಯನ್ನೂ ತಿನ್ನುತ್ತದೆ, ಮಾಂಸದೊಳಗೆ ಆ ಕವಲು ಮುಳ್ಳುಗಳಿಲ್ಲ. ನನ್ನ ನೀರು ಕೊಟ್ಟ ಉತ್ತರ ಇದು. ಚಳಿ ಮಾತ್ರ ಅದಕ್ಕೆ ಆಗದು: 18 ಡಿಗ್ರಿಗಿಂತ ಕೆಳಗೆ ಮೇವು ಮುಟ್ಟುವುದು ಕಡಿಮೆ, 11–12ರಲ್ಲಿ ಸಾಯುತ್ತದೆ. ನಮ್ಮ ಕೊಳ ಅಷ್ಟು ಇಳಿಯುವುದಿಲ್ಲ.

ಅದರ ದೊಡ್ಡ ತೊಡಕು ಸಂತಾನ. ಎರಡು ಮೂರು ತಿಂಗಳಿಗೇ ಬೆದೆಗೆ ಬರುತ್ತದೆ. ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಹಾಗಾಗಿ ಮರಿಗಳು ಉಳಿಯುವುದೂ ಜಾಸ್ತಿ. ಗಂಡು ಹೆಣ್ಣು ಬೆರೆತ ಮರಿ ಬಿಟ್ಟ ಒಂದು ವರ್ಷ ಕೊಳದ ತುಂಬ ಬೆರಳುದ್ದದ ಮೀನುಗಳೇ ಆಗಿ, ಹಾಕಿದ ಮೇವೆಲ್ಲ ಅವುಗಳ ಪಾಲಾಗಿ, ತಟ್ಟೆಗೆ ಬರುವಂಥ ಮೀನು ಹತ್ತೂ ಸಿಗಲಿಲ್ಲ. ಆಮೇಲೆ ಬರೀ ಗಂಡು ಮರಿಗಳನ್ನೇ ಕೇಳಿ ತಂದೆ. ಗಂಡು ಬೇಗ ಬೆಳೆಯುತ್ತದೆ ಕೂಡ. ನೂರಕ್ಕೆ ನೂರು ಗಂಡೇ ಇರುತ್ತವೆ ಅಂತ ನಂಬಿಕೊಳ್ಳಲಿಲ್ಲ. ತಿಲಾಪಿಯಾ ಅಂಗೈ ಅಗಲಕ್ಕೆ ಬಂದ ಮೇಲೆ ಅವಕ್ಕಿಂತ ಸಣ್ಣ ಮರಲ್ ಐದನ್ನು ಬಿಟ್ಟೆ. ದೊಡ್ಡವನ್ನು ನುಂಗಲಾರವು, ಕಣ್ಣು ತಪ್ಪಿಸಿ ಹುಟ್ಟಿದ ಮರಿಗಳನ್ನು ತಿನ್ನದೆ ಬಿಡಲಾರವು. ಹಿಂದೆ ನಾನು ಬೇಡವೆಂದಿದ್ದ ಅದರ ಗುಣವೇ ಇಲ್ಲಿ ಉಪಯೋಗಕ್ಕೆ ಬಂತು. ದಡದ ಹುಲ್ಲು, ಜಲಸಸ್ಯ ತಿನ್ನಲು ಹುಲ್ಲುಗೆಂಡೆ ಎರಡು.

ತಿಲಾಪಿಯಾ ಆರಿಸುವವರು ಒಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ಹೊಳೆಗೆ, ಕೆರೆಗೆ ಸೇರಿದರೆ ಅಲ್ಲಿನ ಮೂಲ ಮೀನುಗಳ ಜಾಗ ಕಸಿಯುತ್ತದೆ. ಸಾಕಲು ಅನುಮತಿ ಬೇಕಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ತನ್ನಿ. ನಾನು ಹೊರಹರಿವಿನ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಎರಡು ಪದರ ಕಟ್ಟಿದ್ದೇನೆ, ಜೋರು ಮಳೆಗೆ ಮುಂಚೆ ಅದನ್ನು ಮುಟ್ಟಿ ನೋಡದೆ ಮಲಗುವುದಿಲ್ಲ. ಮೇಲೆ ಬಲೆಯೂ ಇದೆ, ಮಿಂಚುಳ್ಳಿಗೆ.

ಈಗ ಬಿಡುವುದು 60 ಮರಿ, ಅದೂ ನಡುರಾತ್ರಿಯಿಂದ ಬೆಳಗಿನವರೆಗೆ ಗಾಳಿಯಂತ್ರ ಓಡುವುದರಿಂದ. ಚೀಲವನ್ನು ಇಪ್ಪತ್ತು ನಿಮಿಷ ಕೊಳದಲ್ಲಿ ತೇಲಿಸಿ, ಕೊಳದ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟು, ಮರಿಗಳು ತಾವಾಗಿ ಈಜಿ ಹೊರಬರಲು ಬಿಡುತ್ತೇನೆ. ಮೇವು ಮೈತೂಕದ ನೂರಕ್ಕೆ 3 ಪಾಲು, ಬೆಳೆದಂತೆ 2. ಹದಿನೈದು ನಿಮಿಷದಲ್ಲಿ ತಿಂದು ಮುಗಿಸದಿದ್ದರೆ ಮರುದಿನ ಕಡಿಮೆ, ಮೋಡದ ದಿನ ಪೂರ್ತಿ ನಿಲ್ಲಿಸುತ್ತೇನೆ. ಏಳು ತಿಂಗಳಿಗೆ ಒಂದೊಂದು 300–400 ಗ್ರಾಂ ತೂಗಿದವು.

ಮೊದಲ ಸಲ ಹಿಡಿದು ಬೇಯಿಸಿದಾಗ ಮಣ್ಣಿನ ವಾಸನೆ ಬಂತು, ಮಕ್ಕಳು ತಟ್ಟೆ ಸರಿಸಿದರು. ಅದು ಕೆಲವು ನೀಲಿ-ಹಸಿರು ಪಾಚಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ. ಈಗ ಹಿಡಿದ ಮೀನನ್ನು ಗಾಳಿ ಊದುವ ತಿಳಿನೀರಿನ ತೊಟ್ಟಿಯಲ್ಲಿ, ಮೇವಿಲ್ಲದೆ, ನಾಲ್ಕೈದು ದಿನ ಬಿಡುತ್ತೇನೆ. ಕಳೆದ ವಾರ ಹಾಗೆ ಬಿಟ್ಟಿದ್ದ ಆರು ಮೀನುಗಳಲ್ಲಿ ಒಂದೂ ಉಳಿಯಲಿಲ್ಲ, ಮಕ್ಕಳೇ ಮುಗಿಸಿದರು.