ದಸರಾಕ್ಕೆ ಮನೆ ಸಿಂಗಾರ: ಸುಣ್ಣ, ಚಂದ್ರಿಕೆ ಮತ್ತು ಮೀಸೆ ಕಳೆದುಕೊಂಡ ಶೆಟ್ಟಿ

ಗಣೇಶನನ್ನು ನೀರಿಗೆ ಬಿಟ್ಟು ಬಂದ ಮಾರನೇ ದಿನವೇ ನಮ್ಮತ್ತೆ ಅಟ್ಟದ ಕಡೆ ನೋಡಲು ಶುರು ಮಾಡುತ್ತಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಸುಮ್ನೆ ನೋಡುತ್ತಾರೆ. ಅಟ್ಟದ ಮೇಲೆ ಎರಡು ಕಬ್ಬಿಣದ ಟ್ರಂಕು, ಅದರೊಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟ ಗೊಂಬೆಗಳು. ದಸರಾ ಬಂತು, ಮನೆ ಕೆಲಸಕ್ಕೆ ಯಾವಾಗ ಕೈ ಹಾಕ್ತೀಯಮ್ಮಾ ಅಂತ ಆ ನೋಟದ ಅರ್ಥ.

ಚಿಕ್ಕಬಳ್ಳಾಪುರಕ್ಕೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ಮೊದಲೆಲ್ಲ ಅತ್ತೆ ಹೇಳಿದಂಗೆ ಮಾಡುತ್ತಿದ್ದೆ, ಆಮೇಲೆ ಅವರಿಗೆ ಮಂಡಿ ನೋವು ಬಂದು ಏಣಿ ನನ್ನ ಪಾಲಿಗೆ ಬಂತು. ಏಣಿ ಬಂದ ಮೇಲೆ ತಪ್ಪುಗಳೂ ನನ್ನವೇ. ಇಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಆ ತಪ್ಪುಗಳ ಕಥೆ.

ನಮ್ಮ ಕಡೆ ಹಬ್ಬಕ್ಕೆ ಮನೆ ರೆಡಿ ಮಾಡುವುದರಲ್ಲಿ ಒಂದು ತೊಡಕಿದೆ. ವರ್ಷವಿಡೀ ಮೋಡ ನೋಡಿಕೊಂಡು ಕೂರುವ ಬಯಲುಸೀಮೆ ನಮ್ಮದು, ಆದರೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ದಸರಾ ಬರುವುದೂ ಆಗಲೇ. ಹೊಲದಲ್ಲಿ ರಾಗಿಗೆ ಆ ಮಳೆ ಬೇಕೇ ಬೇಕು, ಬೇಡ ಅನ್ನೋಕಾಗಲ್ಲ. ಆದರೆ ಮನೆಯೊಳಗೆ ಗೋಡೆ ಒದ್ದೆ, ಟ್ರಂಕು ತಣ್ಣಗೆ, ತಂದ ಹೂವು ಬೆಳಗಾಗುವಷ್ಟರಲ್ಲಿ ಕಪ್ಪು. ಹಾಗಾಗಿ ನನ್ನ ಲೆಕ್ಕದಲ್ಲಿ ಸಿಂಗಾರಕ್ಕಿಂತ ಮೊದಲು ಬರುವುದು ಒಣಗಿಸುವ ಕೆಲಸ.

ಇದು ಗೊತ್ತಾಗಿದ್ದು 2024ರಲ್ಲಿ. ಆ ವರ್ಷ ನವರಾತ್ರಿ ಅಕ್ಟೋಬರ್ 3ಕ್ಕೆ ಶುರು. ಇನ್ನೂ ಟೈಮಿದೆ ಅಂದುಕೊಂಡು ಸೆಪ್ಟೆಂಬರ್ ಕೊನೆಯಲ್ಲಿ ಪಡಸಾಲೆಗೆ ಬಣ್ಣ ಹೊಡೆಸಿದೆ. ಬಣ್ಣದವರು ಗೋಡೆ ಮುಟ್ಟಿ ನೋಡಿ "ಅಕ್ಕಾ, ಇನ್ನೂ ತೇವ ಇದೆ" ಅಂದರು. ನಾನೇ "ಇರ್ಲಿ ಹೊಡೀರಿ, ಅಮಾವಾಸ್ಯೆ ಹತ್ರ ಬಂತು" ಅಂದೆ. ಚೆಂದದ ಹಳದಿ, ನೋಡಿದವರೆಲ್ಲ ಹೊಗಳಿದರು. ಗೊಂಬೆ ಕೂರಿಸಿದ ನಾಲ್ಕನೇ ದಿನ ಹಿಂದಿನ ಗೋಡೆಯಲ್ಲಿ ಒಂದು ಗುಳ್ಳೆ ಎದ್ದಿತು, ಹಪ್ಪಳ ಕರಿಯುವಾಗ ಏಳುತ್ತದಲ್ಲ, ಹಾಗೆ. ಬೆರಳಲ್ಲಿ ಒತ್ತಿದರೆ ಒಳಗೆ ನೀರು. ಮಾರನೇ ದಿನ ಹತ್ತು ಗುಳ್ಳೆ. ವಿಜಯದಶಮಿ ಹೊತ್ತಿಗೆ ಅಂಗೈ ಅಗಲದ ಚಕ್ಕೆಗಳು ಮೇಲಿನ ಮೆಟ್ಟಿಲಲ್ಲಿದ್ದ ರಾಮ ಪಟ್ಟಾಭಿಷೇಕದ ಮೇಲೆ ಉದುರುತ್ತಿದ್ದವು. ಆರತಿಗೆ ಬಂದಿದ್ದ ಎದುರು ಮನೆ ಹುಡುಗಿ ಅದೂ ಡೆಕೋರೇಷನ್ ಅಂದುಕೊಂಡಿತು.

ಆಮೇಲೆ ನೋಡಿದರೆ ಕಾಯಿಲೆ ಬಣ್ಣದ್ದಲ್ಲ. ತಾರಸಿ ನೀರು ಇಳಿಯುವ ಪೈಪು ಒಂದು ಕಡೆ ಸೀಳಿ, ನೀರೆಲ್ಲ ಆ ಗೋಡೆ ಕುಡಿಯುತ್ತಿತ್ತು. ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣ ಹೊಡೆದು ಆ ನೀರಿಗೆ ಹೊರಗೆ ಬರೋಕೆ ದಾರಿ ಇಲ್ಲದ ಹಾಗೆ ಮಾಡಿದ್ದೆವು.

2025ರಲ್ಲಿ ಮೊದಲು ಪೈಪು ಸರಿ ಮಾಡಿಸಿದೆವು. ಗಣೇಶನ ಹಬ್ಬ ಆಗಸ್ಟ್ 27ಕ್ಕೇ ಬಂದಿತ್ತು. ಪಿತೃಪಕ್ಷದಲ್ಲಿ ಸುಣ್ಣ ಬಣ್ಣ ಮುಟ್ಟಬೇಡ ಅಂತ ಅತ್ತೆ ಹೇಳುತ್ತಾರೆ, ಹಾಗಾಗಿ ಅದಕ್ಕೆ ಮುಂಚೆ ಹನ್ನೊಂದು ದಿನ ಸಿಕ್ಕಿತು. ಅದರಲ್ಲಿ ಮೊದಲ ಐದು ದಿನ ಏನೂ ಹೊಡೆಯಲಿಲ್ಲ. ಹಳೇ ಬಣ್ಣ ಕೆರೆದು, ಗಾರೆ ಕಾಣುವಂತೆ ಮಾಡಿ, ಕಿಟಕಿ ತೆಗೆದು, ಫ್ಯಾನು ಹಾಕಿ ಬಿಟ್ಟೆ. ನಮ್ಮೆಜಮಾನ್ರು "ಗೋಡೆಗೆ ಗಾಳಿ ಹಾಕ್ತಾ ಕೂತಿದೀಯಲ್ಲ" ಅಂತ ನಕ್ಕರು. ನಗಲಿ.

ಆ ಒಂದು ಗೋಡೆಗೆ ಬಣ್ಣದ ಡಬ್ಬ ಬಿಟ್ಟು ಸುಣ್ಣಕ್ಕೆ ಹೋದೆ. ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ, ತೇವ ಇದ್ದರೂ ಹೊರಗೆ ಬಿಡುತ್ತದೆ. ಪುಡಿ ಸುಣ್ಣ ತಂದು ರಾತ್ರಿಯೇ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಸೀರೆ ತುಂಡಿನಲ್ಲಿ ಸೋಸಿ, ಬಕೆಟ್ಟಿಗೆ ಒಂದು ಹಿಡಿ ಉಪ್ಪು, ಒಂದು ಚೊಂಬು ಅಕ್ಕಿ ಗಂಜಿ ಹಾಕಿದೆ. ಗಂಜಿ ಹಾಕಿದರೆ ಒಣಗಿದ ಮೇಲೆ ಕೈಗೆ ಅಂಟಿಕೊಳ್ಳುವುದು ಕಡಿಮೆ. ಹದ ನೀರು ಮಜ್ಜಿಗೆಯಷ್ಟಿರಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಬಳಿಯುವಾಗ ಸುಣ್ಣ ನೀರಿನಂತೆ ಇರುತ್ತದೆ, ಗೋಡೆ ಬೆಳ್ಳಗಾಗುವುದೇ ಇಲ್ಲ, ಏನೋ ಮೋಸ ಹೋದೆವು ಅನ್ನಿಸಿ ಗಟ್ಟಿ ಮಾಡಿಬಿಡುತ್ತೇವೆ. ಗಟ್ಟಿ ಮಾಡಿದರೆ ಪುಡಿಪುಡಿಯಾಗಿ ಉದುರುತ್ತದೆ. ತೆಳ್ಳಗೆ ಬಳಿದು ಮಧ್ಯಾಹ್ನದವರೆಗೆ ಕಾದರೆ ಒಣಗುತ್ತಾ ಒಣಗುತ್ತಾ ತಾನೇ ಬಿಳುಪು ಬರುತ್ತದೆ. ಮೊದಲ ಸಲ ಅಡ್ಡ, ಎರಡನೇ ಸಲ ಉದ್ದ. ಕಣ್ಣಿಗೆ ಕನ್ನಡಕ, ಕೈಗೆ ಕವರು ಹಾಕಿಕೊಳ್ಳಿ, ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ತಮಾಷೆಯಲ್ಲ.

ಇನ್ನು ಚಂದ್ರಿಕೆ. ನಮ್ಮ ತವರು ಶಿಡ್ಲಘಟ್ಟದ ಕಡೆ ಹಳ್ಳಿ, ರೇಷ್ಮೆ ಮನೆತನ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅನ್ನುತ್ತೇವೆ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲ, ಚಾಪೆಯ ಮೇಲೆ ಬಿದಿರ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ, ಜಿಲೇಬಿ ಸುತ್ತಿದ ಹಾಗೆ. ಈಗ ನಮ್ಮಣ್ಣ ಗೂಡು ಕಟ್ಟಿಸಲು ಪ್ಲಾಸ್ಟಿಕ್ಕಿನ ನೇತ್ರಿಕೆ ತಂದಿದ್ದಾನೆ, ಹಳೇ ಚಂದ್ರಿಕೆಗಳು ಹುಳು ಮನೆಯ ಹಿಂದೆ ಒರಗಿಕೊಂಡು ಬಿದ್ದಿದ್ದವು. ಒಂದನ್ನು ಕೇಳಿದೆ. "ಸೌದೆಗೆ ಹಾಕೋಣ ಅಂತಿದ್ದೆ, ತಗೊಂಡೋಗು" ಅಂದ.

ಆ ಸುರುಳಿಯ ಸಂದು ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದು ಚೆಂಡು ಹೂವು ಅಲ್ಲಿ ಇಟ್ಟರೆ ಬೀಳದ ಹಾಗೆ ಕೂರುತ್ತದೆ, ದಾರ ಬೇಡ, ಗೋಂದು ಬೇಡ. ಹೊರಗಿನಿಂದ ಒಳಗೆ ಹಳದಿ, ಕೇಸರಿ, ಹಳದಿ ಅಂತ ತುಂಬುತ್ತಾ ಹೋದೆ. ಸುರುಳಿಯ ನಡುವಿಗೆ ಒಂದು ಬಿಳಿ ಸೇವಂತಿಗೆ. ಬಿಳಿ ಸುಣ್ಣದ ಗೋಡೆಗೆ ಅದನ್ನು ಒರಗಿಸಿ, ಮುಂದೆ ಗೊಂಬೆ ಮೆಟ್ಟಿಲು. ಅಂಗಡಿಯಲ್ಲಿ ಸಿಗುವ ಮಿಂಚುವ ಪ್ಲಾಸ್ಟಿಕ್ ಪರದೆಗೆ ಪ್ರತಿ ವರ್ಷ ದುಡ್ಡು ಸುರಿಯುತ್ತಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು. ಚಂದ್ರಿಕೆ ತರುವವರು ಒಂದು ನೆನಪಿಡಿ: ಅದಕ್ಕೆ ಹಳೇ ನೂಲಿನೆಳೆ ಅಂಟಿಕೊಂಡಿರುತ್ತದೆ, ಬಯಲಿನಲ್ಲಿ ಹುಲ್ಲು ಹೊತ್ತಿಸಿ ಉರಿಯ ಮೇಲೆ ಬೇಗ ಬೇಗ ಆಡಿಸಿದರೆ ಎಳೆ ಸುಟ್ಟುಹೋಗುತ್ತದೆ, ಬಿದಿರು ಉಳಿಯುತ್ತದೆ. ಆಮೇಲೆ ಎರಡು ದಿನ ಬಿಸಿಲು. ಮನೆಯೊಳಗೆ ಮಾಡಲೇಬೇಡಿ.

ರೇಷ್ಮೆ ವಿಷಯಕ್ಕೆ ಬಂದಮೇಲೆ 2023ರದ್ದನ್ನೂ ಹೇಳಿಬಿಡುತ್ತೇನೆ. ಆ ವರ್ಷ ಗೂಡಿನ ತೋರಣ ಮಾಡುವ ಹುಚ್ಚು ಹತ್ತಿತು. ಮಹಾಲಯ ಅಮಾವಾಸ್ಯೆಗೆ ತವರಿಗೆ ಹೋದವಳು ಆಗಷ್ಟೇ ಬಿಡಿಸಿದ್ದ ಹಸಿ ಗೂಡು ಒಂದು ಸೇರಿನಷ್ಟು ತಂದೆ. ಬೈವೋಲ್ಟೀನ್ ಅನ್ನೋ ತಳಿಯ ಗೂಡು ಬಿಳಿ, ಮಿಶ್ರ ತಳಿಯದು ತಿಳಿ ಹಳದಿ, ಎರಡೂ ಬಣ್ಣ ಸೇರಿಸಿ ದಾರಕ್ಕೆ ಅಂಟಿಸಿ ಬಾಗಿಲಿಗೆ, ಮೆಟ್ಟಿಲ ಅಂಚಿಗೆ ಕಟ್ಟಿದೆ. ಬಹಳ ಚೆನ್ನಾಗಿತ್ತು. ಸರಸ್ವತಿ ಪೂಜೆ ದಿನ ಬೆಳಿಗ್ಗೆ ಎದ್ದು ಬಂದರೆ ಪುಸ್ತಕಗಳ ಮೇಲೆ ಬೆಳ್ಳನೆಯ ಚಿಟ್ಟೆಗಳು, ರೆಕ್ಕೆ ಪಟಪಟ ಅನ್ನಿಸುತ್ತಾ ಕೂತಿವೆ. ಮೆಟ್ಟಿಲಿಗೆ ಹಾಸಿದ್ದ ಮಾವನವರ ಮಗುಟದ ಮೇಲೆಲ್ಲ ಕಂದು ಕಲೆ. ಗೂಡಿಂದ ಹೊರಗೆ ಬಂದ ಚಿಟ್ಟೆ ಮೊದಲು ಮಾಡುವ ಕೆಲಸವೇ ಕಂದು ನೀರು ಬಿಡುವುದು. ರೇಷ್ಮೆ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಬೇಕಿತ್ತು, ಅಲ್ವಾ? ನೂಲು ಬಿಚ್ಚುವವರು ಗೂಡನ್ನು ಆವಿಗೋ ಬಿಸಿಗಾಳಿಗೋ ಹಿಡಿಯುವುದು ಈ ಕಾರಣಕ್ಕೇ ತಾನೆ. ಅಣ್ಣನಿಗೆ ಫೋನ್ ಮಾಡಿದರೆ ಐದು ನಿಮಿಷ ಬರೀ ನಕ್ಕ. ಮಕ್ಕಳಿಗೆ ಮಾತ್ರ ಆ ದಸರಾ ಇವತ್ತಿಗೂ ಎಲ್ಲಕ್ಕಿಂತ ಒಳ್ಳೆಯ ದಸರಾ.

ಈಗ ಚಿಟ್ಟೆ ಹೊರಗೆ ಬಂದು ತೂತಾದ ಗೂಡನ್ನೇ ತರುತ್ತೇನೆ. ನೂಲಿಗೆ ಬರುವುದಿಲ್ಲವಾದ್ದರಿಂದ ಅಗ್ಗ, ಮತ್ತೆ ಪೋಣಿಸಲು ತೂತು ಆಗಲೇ ಇರುತ್ತದೆ. ನೀರಲ್ಲಿ ನೆನೆಸಬೇಡಿ, ಒಣ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು.

ಮೆಟ್ಟಿಲಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಐದು ಮೆಟ್ಟಿಲು, ಅಡಿಯಲ್ಲಿ ಟ್ರಂಕು, ಅದರ ಮೇಲೆ ಅಕ್ಕಿ ಡಬ್ಬ, ಹಲಗೆ, ಮೇಲೆ ಬಿಳಿ ಪಂಚೆ. ಭಾರದ್ದು ಕೆಳಗೆ. ನಮ್ಮ ಗಣಪತಿ ಮಾಲೂರಿನ ಹತ್ತಿರ ಶಿವಾರಪಟ್ಟಣದಿಂದ ಮಾವ ತಂದ ಕಲ್ಲಿನದು, ಅದನ್ನು ಮೇಲಿನ ಮೆಟ್ಟಿಲಲ್ಲಿ ಇಡುವ ಧೈರ್ಯ ನನಗಿಲ್ಲ. ಮೇಲೆ ಪಟ್ಟದ ಗೊಂಬೆ, ಕಳಸ. ಪಟ್ಟದ ರಾಜ ರಾಣಿ ಅತ್ತೆಗೆ ಮದುವೆಯಲ್ಲಿ ತವರಿನಿಂದ ಬಂದಿದ್ದು, ಅವರ ರೇಷ್ಮೆ ಬಟ್ಟೆ ಪ್ರತಿ ವರ್ಷ ಅತ್ತೆಯೇ ಉಡಿಸಬೇಕು. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಮಣ್ಣಿನ ಗೊಂಬೆಗೆ ಮಾತ್ರ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಇದನ್ನು ನಮ್ಮ ಶೆಟ್ಟಿಯನ್ನು ಕೇಳಿ. ಶೆಟ್ಟಿ, ಶೆಟ್ಟಮ್ಮ ಅಂಗಡಿ ಇಟ್ಟುಕೊಂಡು ಕೂತಿರುವ ಜೋಡಿ ಎಲ್ಲರ ಮನೆಯಲ್ಲೂ ಇರುತ್ತದೆ, ಅವರ ಮುಂದೆ ಚಿಕ್ಕ ಚಿಕ್ಕ ಬಟ್ಟಲಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಡುತ್ತೇವಲ್ಲ. ಧೂಳು ಕೂತಿದೆ ಅಂತ ನಾನು ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದೆ. ಬಟ್ಟೆಗೆ ಕಪ್ಪು ಹತ್ತಿತು. ನೋಡಿದರೆ ಶೆಟ್ಟಿಗೆ ಮೀಸೆ ಇಲ್ಲ. ಐವತ್ತು ವರ್ಷದ ಮೀಸೆ ಒಂದು ಉಜ್ಜಿಗೆ ಹೋಯಿತು. ಕಣ್ಣಿಗೆ ಹಚ್ಚುವ ಕಾಡಿಗೆಯಲ್ಲಿ ಬರೆದೆ, ಒಂದು ಕಡೆ ಮೇಲಕ್ಕೆ ಹೋಯಿತು, ಸರಿ ಮಾಡಲು ಹೋಗಿ ಇನ್ನೊಂದು ಕಡೆ ಅದಕ್ಕಿಂತ ಮೇಲಕ್ಕೆ. ಈಗ ಆತ ಕಿರಾಣಿ ಅಂಗಡಿಯಲ್ಲಿ ಕೂತ ಪೈಲ್ವಾನನಂತೆ ಕಾಣುತ್ತಾನೆ. ಅತ್ತೆ ಮೂರು ದಿನ ಮಾತಾಡಲಿಲ್ಲ. ಆಮೇಲಿಂದ ಒಣ ಬ್ರಷ್ಷು ಮಾತ್ರ, ಹಳೇ ಪೌಡರ್ ಬ್ರಷ್ಷು ಇದ್ದರೆ ಬಹಳ ಒಳ್ಳೆಯದು. ಮರದ ಗೊಂಬೆಗಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಒರೆಸಬಹುದು.

ಮೆಟ್ಟಿಲ ಪಕ್ಕ ಜೋಡಿಸುವ ಗೊಂಬೆ ಹಳ್ಳಿಗೆ ಹೊಲ ಬೇಕಲ್ಲ, ಅದಕ್ಕೆ ರಾಗಿ. ಒಂದು ರಾತ್ರಿ ನೆನೆಸಿ, ತಟ್ಟೆಯಲ್ಲಿ ಮಣ್ಣು ಹರಡಿ, ಅಮಾವಾಸ್ಯೆಗೆ ಮೂರು ದಿನ ಮುಂಚೆ ಚೆಲ್ಲುತ್ತೇನೆ. ಹಬ್ಬ ಶುರುವಾಗುವಾಗ ಹಸಿರು ಚುಕ್ಕಿ, ಆಯುಧಪೂಜೆಗೆ ಪೈರು. ನೀರು ಚಿಮುಕಿಸಿದರೆ ಸಾಕು, ಸುರಿದರೆ ಬೂಸ್ಟು ಹಿಡಿಯುತ್ತದೆ. ಪೈರಿನ ನಡುವೆ ಪ್ಲಾಸ್ಟಿಕ್ ಡೈನೋಸಾರ್ ಬಂದು ನಿಂತಿರುತ್ತದೆ, ಮಗನ ಕೆಲಸ. ತೆಗೆಯಲು ಹೋಗುವುದಿಲ್ಲ.

ಹೂವು ಅಂದರೆ ನಮ್ಮೂರಿಗೆ ಕೊರತೆಯಿಲ್ಲ, ಸುತ್ತಮುತ್ತ ಬೆಳೆಯುವುದೇ ಸೇವಂತಿಗೆ, ಚೆಂಡು ಹೂವು, ಗುಲಾಬಿ. ಆದರೂ ಆಯುಧಪೂಜೆ ಹಿಂದಿನ ದಿನ ಮಾರ್ಕೆಟ್ಟಿಗೆ ಹೋದರೆ ರೇಟು ಕೇಳಿಯೇ ವಾಪಸ್ಸು ಬರಬೇಕು. ಅದೇ ಹೂವು ಹಬ್ಬದ ಮಾರನೇ ದಿನ ಕೇಳುವವರಿಲ್ಲದೆ ಬಿದ್ದಿರುತ್ತದೆ, ಬೆಳೆದವರ ಮುಖ ನೋಡಲಾಗುವುದಿಲ್ಲ. ನಾನು ಎರಡು ದಿನ ಮುಂಚೆ, ಬೆಳಕು ಹರಿಯುವ ಮೊದಲೇ ಹೋಗಿ ಬಿಡಿ ಚೆಂಡು ಹೂವು ತರುತ್ತೇನೆ. ಕಟ್ಟಿದ್ದನ್ನು ಮಾರಿನ ಲೆಕ್ಕದಲ್ಲಿ ತಗೊಳ್ಳುವುದಕ್ಕಿಂತ ಕೆಜಿ ಲೆಕ್ಕದಲ್ಲಿ ತಗೊಂಡು ಮನೆಯಲ್ಲಿ ಪೋಣಿಸುವುದು ಮೇಲು. ಮೂಟೆ ತೂಗುವ ಮುಂಚೆ ಒಳಗೆ ಕೈ ಹಾಕಿ ನೋಡಿ. ಮಳೆಯಲ್ಲಿ ಕಿತ್ತ ಹೂವಾದರೆ ನಡುವೆ ಬಿಸಿ ಇರುತ್ತದೆ, ತೊಟ್ಟಿನ ಹತ್ತಿರ ಕಂದು ತಿರುಗಿರುತ್ತದೆ, ನಾವು ಕಾಸು ಕೊಡುವುದು ನೀರಿಗೆ. ತಂದ ತಕ್ಷಣ ಗೋಣಿಚೀಲದ ಮೇಲೆ ಒಂದರ ಮೇಲೆ ಒಂದು ಬೀಳದಂತೆ ನೆರಳಲ್ಲಿ ಹರಡಬೇಕು. ಹಬ್ಬ ಅಂದರೆ ಚೆಂಡು ಹೂವು ಅನ್ನುವಷ್ಟು ನಮ್ಮದಾಗಿಬಿಟ್ಟಿದೆಯಲ್ಲ ಇದು, ಮೂಲ ಮಾತ್ರ ಮೆಕ್ಸಿಕೋ ಕಡೆಯದು. ನಂಬದವರು ಅತ್ತೆ, "ಹೋಗೇ, ನಮ್ಮಜ್ಜಿ ಹಿತ್ತಲಲ್ಲೇ ಇತ್ತು" ಅಂದರು.

ತೋರಣಕ್ಕೆ ಮಾವಿನೆಲೆ, ಒಂದು ಎಲೆ ಒಂದು ಹೂವು. ಬರೀ ಹೂವಾದರೆ ಭಾರಕ್ಕೆ ನಡುವೆ ಜೋತು ಬೀಳುತ್ತದೆ. ರಂಗೋಲಿ ಮಳೆಗೆ ಉಳಿಯುವುದಿಲ್ಲ, ಅದಕ್ಕೆ ಅಂಗಳದಲ್ಲಿ ಚಿಕ್ಕದು, ದೊಡ್ಡದು ಪಡಸಾಲೆಯೊಳಗೆ ಕೆಮ್ಮಣ್ಣಿನ ಅಂಚು ಕಟ್ಟಿ. ಸೀರಿಯಲ್ ಲೈಟು ಮಲಗುವ ಮುಂಚೆ ಆರಿಸುತ್ತೇನೆ, ಎಣ್ಣೆ ದೀಪ ಪಂಚೆಯಿಂದ ಒಂದು ಮೊಳ ದೂರ.

ಆಯುಧಪೂಜೆಗೆ ಗಾಡಿಗಳಿಗೆ ಹಾರ, ಕುಂಕುಮ, ನಿಂಬೆಹಣ್ಣು, ಬೂದುಗುಂಬಳ. ಕುಂಬಳ ಒಡೆಯುವವರಿಗೆ ಒಂದು ಮಾತು, ರಸ್ತೆ ನಡುವೆ ಒಡೆದು ಹೋಗಬೇಡಿ. ಚೂರನ್ನು ಪಕ್ಕಕ್ಕೆ ತಳ್ಳಲು ಅರ್ಧ ನಿಮಿಷ ಸಾಕು. ನಮ್ಮ ಬೀದಿ ತಿರುವಿನಲ್ಲಿ ಅದರ ಮೇಲೆ ಸ್ಕೂಟರ್ ಜಾರಿ ಬಿದ್ದವರನ್ನು ಎತ್ತಿ ಕೂರಿಸಿ ನೀರು ಕೊಟ್ಟವಳು ನಾನೇ.

2025ರ ದಸರಾ ಹನ್ನೊಂದು ದಿನ ಬಂತು, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2. ಗುಗ್ಗರಿ ಮಾಡಿ ಮಾಡಿ ಕಡಲೆ, ಹೆಸರು, ಅಲಸಂದೆ ಎಲ್ಲ ಒಂದು ಸುತ್ತು ಮುಗಿದು ಮತ್ತೆ ಕಡಲೆಗೆ ಬಂದೆ. ಚಂದ್ರಿಕೆಯ ಹೂವು ಎರಡು ಸಲ ಬದಲಿಸಿದೆ. ಗೋಡೆಯಲ್ಲಿ ಒಂದೇ ಒಂದು ಗುಳ್ಳೆ ಏಳಲಿಲ್ಲ, ದಿನಾ ಬೆಳಿಗ್ಗೆ ಮೊದಲು ಹೋಗಿ ಅದನ್ನೇ ಮುಟ್ಟಿ ನೋಡುತ್ತಿದ್ದೆ.

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಮಾರನೇ ದಿನ ಮೋಡ, ಹಾಗಾಗಿ ಗೊಂಬೆಗಳನ್ನು ಕಟ್ಟಿಡಲಿಲ್ಲ, ಬಿಸಿಲು ಬರುವವರೆಗೆ ಹಾಗೇ ಬಿಟ್ಟೆ. ಬಿಸಿಲು ಬಂದ ದಿನ ಟ್ರಂಕು ಕಾಯಿಸಿ, ಒಣಗಿದ ಬೇವಿನೆಲೆ ಹಾಸಿ, ಒಂದೊಂದನ್ನೇ ಸುತ್ತಿಟ್ಟೆ. ಶೆಟ್ಟಿಯನ್ನು ಅತ್ತೆ ನನ್ನ ಕೈಯಿಂದ ತಗೊಂಡು ತಾವೇ ಸುತ್ತಿದರು. ಚಂದ್ರಿಕೆ ದೀಪಾವಳಿಗೂ ಬೇಕು ಅಂತ ಗೋಡೆಗೇ ಒರಗಿಸಿಟ್ಟೆ, ರಾಗಿ ಪೈರನ್ನು ಪಕ್ಕದ ಮನೆ ಹಸುವಿಗೆ ಹಾಕಿದೆ. ಡೈನೋಸಾರನ್ನು ಮೊದಲೇ ತೆಗೆದಿಟ್ಟೆ.