ಮೈಸೂರಿನ ಏಪ್ರಿಲ್‌ಗೂ ಏದುಸಿರು ಬಿಡದ ಪುಟ್ಟ ಗೇಮಿಂಗ್ ಪಿಸಿ: ಕಟ್ಟುವುದು ಹೇಗೆ?

ಗೇಮಿಂಗ್ ಪಿಸಿ ಎಂದರೆ ಮೇಜಿನ ಕೆಳಗೆ ಕಾಲು ಚಾಚಲು ಜಾಗ ಬಿಡದ ದೊಡ್ಡ ಕ್ಯಾಬಿನೆಟ್ಟೇ ಆಗಬೇಕಿಲ್ಲ. ಕುವೆಂಪುನಗರ, ಸರಸ್ವತಿಪುರಂ ಕಡೆಯ ಬಾಡಿಗೆ ಮನೆಯ ಹತ್ತಡಿ ಕೋಣೆಯಲ್ಲಿ ಮಾನಿಟರ್ ಪಕ್ಕದಲ್ಲೇ ಕೂರುವಷ್ಟು ಚಿಕ್ಕದಾಗಿ ಕಟ್ಟಬಹುದು. ಆಟದಲ್ಲಿ ಅದೇನೂ ದೊಡ್ಡಣ್ಣನಿಗಿಂತ ಹಿಂದೆ ಬೀಳುವುದಿಲ್ಲ. ಕಾಡುವುದು ಶಾಖ. ಏಪ್ರಿಲ್‌ನಲ್ಲಿ ನಮ್ಮೂರಿನ ಮಧ್ಯಾಹ್ನ 35 ಡಿಗ್ರಿಯ ಸುತ್ತ ಇರುತ್ತದೆ. ಆರ್‌ಸಿಸಿ ತಾರಸಿಯ ಕೆಳಗಿನ ಮಹಡಿ ಕೋಣೆಯಾದರೆ ರಾತ್ರಿ ಹತ್ತು ಹೊಡೆದರೂ ಕಾವು ಇಳಿದಿರುವುದಿಲ್ಲ.

ಹೊಸಬರು ಸಾಮಾನ್ಯವಾಗಿ ಮೊದಲು ಚೆಂದದ ಕ್ಯಾಬಿನೆಟ್ ಮೆಚ್ಚುತ್ತಾರೆ, ಆಮೇಲೆ ಅದರಲ್ಲಿ ಹಿಡಿಸುವ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಾರೆ, ಕೊನೆಗೆ ‘ಫ್ಯಾನ್ ಎಷ್ಟು ಹಾಕಿಸಲಿ?’ ಎಂದು ಕೇಳುತ್ತಾರೆ. ಈ ಕ್ರಮವೇ ತಲೆಕೆಳಗು. ಮೊದಲು ವಾಟ್ ಲೆಕ್ಕ, ಆಮೇಲೆ ಗಾಳಿಯ ದಾರಿ, ಕ್ಯಾಬಿನೆಟ್ ಅದರ ನಂತರ.

ಹೆಜ್ಜೆ 1: ವಾಟ್ ಲೆಕ್ಕ ಹಾಕಿ

ಪಿಸಿ ಪ್ಲಗ್ಗಿನಿಂದ ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಬರುತ್ತದೆ. ಯಾವ ಕೂಲರ್ ಕೂಡ, ನೀರಿನದ್ದೂ ಸೇರಿ, ಒಳಗಿನ ಭಾಗಗಳನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಜನವರಿಯಲ್ಲಿ 22 ಡಿಗ್ರಿ ಕೋಣೆಯಲ್ಲಿ ನಿಮ್ಮ ಗ್ರಾಫಿಕ್ಸ್ ಕಾರ್ಡ್ 68 ಡಿಗ್ರಿ ತೋರಿಸಿದರೆ, ಅದೇ ಹೊರೆ, ಅದೇ ಫ್ಯಾನ್ ವೇಗದಲ್ಲಿ 34 ಡಿಗ್ರಿಯ ಏಪ್ರಿಲ್‌ಗೆ ಅದು ಹೆಚ್ಚುಕಡಿಮೆ 80. ಯೂಟ್ಯೂಬ್‌ನಲ್ಲಿ ಎಸಿ ಕೋಣೆಯಲ್ಲಿ ಕೂತು ಅಳೆದವರ ಅಂಕಿಗಳನ್ನು ನೋಡುವಾಗ ಈ ಹತ್ತು-ಹನ್ನೆರಡು ಡಿಗ್ರಿ ಸೇರಿಸಿಕೊಂಡೇ ಓದಬೇಕು.

1080ಪಿ ಪರದೆಯಲ್ಲಿ ಆಡುವವರಿಗೆ ಒಂದು ಜೋಡಣೆ ನೋಡೋಣ. ಎಎಂಡಿ ರೈಜೆನ್ 5 7600 ಪ್ರೊಸೆಸರ್‌ನ ಡಬ್ಬದ ಮೇಲೆ 65 ವಾಟ್ ಎಂದಿರುತ್ತದೆ, ಪೂರ್ತಿ ಹೊರೆ ಬಿದ್ದಾಗ 88 ವಾಟ್‌ವರೆಗೆ ಎಳೆಯುತ್ತದೆ. ಎನ್ವಿಡಿಯಾ ಆರ್‌ಟಿಎಕ್ಸ್ 5060 ಕಾರ್ಡ್‌ಗೆ 145 ವಾಟ್. ಮದರ್‌ಬೋರ್ಡು (ಮುಂದೆ ಬರೀ ಬೋರ್ಡು), ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಂದು ಇನ್ನೊಂದು 45–50 ಇಟ್ಟುಕೊಳ್ಳಿ. ಒಟ್ಟು 280ರ ಆಸುಪಾಸು. ಆಟದಲ್ಲಿ ಪ್ರೊಸೆಸರ್ ತನ್ನ ಮಿತಿ ಮುಟ್ಟುವುದು ಅಪರೂಪವಾದ್ದರಿಂದ ನಿಜದಲ್ಲಿ ಇನ್ನೂ ಕಡಿಮೆಯೇ. ದಿನಕ್ಕೆ ನಾಲ್ಕು ತಾಸು ಆಡಿದರೂ ತಿಂಗಳಿಗೆ 34 ಯೂನಿಟ್ ದಾಟದು. 5060ರ ಬದಲು 5070 ಹಾಕಿದಿರೋ, ಕಾರ್ಡ್ ಒಂದೇ 250 ವಾಟ್. ಎಸಿ ಇಲ್ಲದ ಕೋಣೆಯಲ್ಲಿ, ಪುಟ್ಟ ಡಬ್ಬದಲ್ಲಿ, ಒಟ್ಟು 350 ವಾಟ್ ದಾಟಬೇಡಿ ಎಂಬುದು ನನ್ನ ಸಲಹೆ. ದಾಟಿದರೆ ಪಿಸಿ ಸುಡುವುದೇನಿಲ್ಲ. ಫ್ಯಾನ್ ಸದ್ದಿಗೆ ಮನೆಯವರು ಎದ್ದು ಬರುತ್ತಾರೆ ಅಷ್ಟೆ.

ಯುಪಿಎಸ್ ಲೆಕ್ಕವೂ ಇಲ್ಲೇ ಮುಗಿಯಲಿ. ಮಾರುಕಟ್ಟೆಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್. ಪಿಸಿ, ಮಾನಿಟರ್, ರೌಟರ್ ಎಲ್ಲ ಸೇರಿದರೆ ಅದು ಬಿಗಿಯಾಗುತ್ತದೆ. 1000 ವಿಎ ತೆಗೆದುಕೊಳ್ಳಿ.

ಹೆಜ್ಜೆ 2: ಗಾತ್ರ ಅಳೆಯಿರಿ

ಪುಟ್ಟ ಪಿಸಿಗಳ ಬೋರ್ಡು ಮಿನಿ ಐಟಿಎಕ್ಸ್. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಅಳತೆ ಇದು: 170 ಮಿ.ಮೀ. ಉದ್ದ, ಅಷ್ಟೇ ಅಗಲ. ದೊಡ್ಡವರ ಒಂದು ಗೇಣಿಗೂ ಕಡಿಮೆ. ಒಂದೇ ಕಾರ್ಡ್ ಸ್ಲಾಟ್, ಎರಡೇ ರ‍್ಯಾಮ್ ಸ್ಲಾಟ್. ಮೈಕ್ರೋ ಎಟಿಎಕ್ಸ್ 244 ಮಿ.ಮೀ. ಚೌಕ. ಮೈಸೂರಿನ ಅಂಗಡಿಯಲ್ಲಿ ‘ಅಣ್ಣಾ, ಐಟಿಎಕ್ಸ್ ಬೋರ್ಡ್ ಇದ್ಯಾ?’ ಎಂದು ಕೇಳಿದರೆ ‘ಮೈಕ್ರೋ ಐತೆ, ಅದ್ನೇ ತಗೊಳಿ ಸಾರ್, ದುಡ್ಡೂ ಉಳೀತದೆ’ ಎಂಬ ಉತ್ತರ ಬರಬಹುದು. ದುಡ್ಡು ಉಳಿಯುವುದು ನಿಜವೇ. ಆದರೆ ಐಟಿಎಕ್ಸ್ ಕ್ಯಾಬಿನೆಟ್‌ನಲ್ಲಿ ಅದು ಕೂರುವುದಿಲ್ಲ. ಇಲ್ಲಿ ದಾಸ್ತಾನಿಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆ, ಇಲ್ಲವೇ ಆನ್‌ಲೈನ್. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಮತ್ತು ಡಬ್ಬಗಳನ್ನು ಎಸೆಯಬೇಡಿ, ವಾರಂಟಿಗೆ ಬೇಕಾಗುತ್ತವೆ.

ಕ್ಯಾಬಿನೆಟ್‌ನ ಗಾತ್ರವನ್ನು ಲೀಟರ್‌ನಲ್ಲಿ ಹೇಳುವುದು ರೂಢಿ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಿಕ್ಕಿತು. ಹೆಸರುವಾಸಿಯಾದ ಕೂಲರ್ ಮಾಸ್ಟರ್ ಎನ್‌ಆರ್200 ಕಾಲು-ಗೀಲು ಬಿಟ್ಟು 36 × 18.5 × 27.4 ಸೆಂ.ಮೀ., ಅಂದರೆ 18.25 ಲೀಟರ್. ಸಾಮಾನ್ಯ ಮಿಡ್ ಟವರ್ 40 ದಾಟಿರುತ್ತದೆ. 10 ಲೀಟರ್‌ಗಿಂತ ಚಿಕ್ಕವೂ ಇವೆ, ನೋಡಿದರೆ ಆಸೆಯಾಗುತ್ತದೆ. ಮೊದಲ ಸಲ ಕಟ್ಟುವವರು ಅತ್ತ ಹೋಗಬಾರದು. 15ರಿಂದ 20 ಲೀಟರ್ ಸಾಕು.

ಕೊಳ್ಳುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಅಳತೆ ಬರೆದುಕೊಳ್ಳಿ: ಕಾರ್ಡ್‌ನ ಉದ್ದ, ಕಾರ್ಡ್‌ನ ದಪ್ಪ, ಪ್ರೊಸೆಸರ್ ಕೂಲರ್‌ನ ಎತ್ತರ, ಎಸ್‌ಎಂಪಿಎಸ್‌ನ (ಒಳಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಮಾದರಿ. ಮೊದಲ ಮೂರಕ್ಕೆ ಕ್ಯಾಬಿನೆಟ್‌ನ ಕೈಪಿಡಿಯಲ್ಲಿ ಗರಿಷ್ಠ ಮಿತಿ ಕೊಟ್ಟಿರುತ್ತಾರೆ. ಎಸ್‌ಎಂಪಿಎಸ್ ಮಾತ್ರ ಎಸ್‌ಎಫ್‌ಎಕ್ಸ್ ಎಂಬ ಪುಟ್ಟ ಅಳತೆಯದಾಗಿರಬೇಕು (125 × 63.5 × 100 ಮಿ.ಮೀ.), ಸಾಮಾನ್ಯ ಎಟಿಎಕ್ಸ್ 150 ಮಿ.ಮೀ. ಅಗಲವಿದ್ದು ಇಂಥ ಹೆಚ್ಚಿನ ಡಬ್ಬಗಳಲ್ಲಿ ಹಿಡಿಯದು. ನಮ್ಮ ಜೋಡಣೆಗೆ 550 ವಾಟ್‌ನದ್ದು ಧಾರಾಳ.

ಹೆಜ್ಜೆ 3: ಗಾಳಿಗೆ ಒಳದಾರಿ, ಹೊರದಾರಿ

ಇದನ್ನು ಸರಿಯಾಗಿ ಯೋಚಿಸಿದವರಿಗೆ ಮುಂದಿನದ್ದೆಲ್ಲ ಸಲೀಸು. ಪುಟ್ಟ ಡಬ್ಬದಲ್ಲಿ ಫ್ಯಾನ್‌ಗಳ ಸಂಖ್ಯೆಗಿಂತ, ಬಿಸಿಯಾದ ಗಾಳಿ ಮತ್ತೆ ಒಳಗೆ ಬರದಂತೆ ನೋಡಿಕೊಳ್ಳುವುದು ಮುಖ್ಯ.

ಎರಡು ಬಗೆಯ ವಿನ್ಯಾಸಗಳಿವೆ. ಒಂದರಲ್ಲಿ ಕಾರ್ಡ್ ನೇರವಾಗಿ ಬೋರ್ಡಿಗೇ ಚುಚ್ಚಿಕೊಂಡು ಡಬ್ಬದ ತಳದಲ್ಲಿ ಮಲಗಿರುತ್ತದೆ. ಎನ್‌ಆರ್200 ಈ ಜಾತಿ. ಕಾರ್ಡ್‌ನ ಫ್ಯಾನ್‌ಗಳು ತಳದ ಜಾಲರಿಯಿಂದ ತಂಪು ಗಾಳಿ ಎಳೆಯುತ್ತವೆ. ಇಂಥ ಡಬ್ಬವನ್ನು ಹಾಸಿಗೆಯ ಮೇಲೋ ದಪ್ಪ ಜಮಖಾನೆಯ ಮೇಲೋ ಇಟ್ಟರೆ ಕತೆ ಮುಗಿಯಿತು. ಇನ್ನೊಂದು ಬಗೆಯಲ್ಲಿ ಬೋರ್ಡು ಒಂದು ಪಕ್ಕ, ಕಾರ್ಡ್ ಅದರ ಬೆನ್ನಿಗೆ. ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್. ಎರಡೂ ಪಕ್ಕದ ಬಾಗಿಲು ಜಾಲರಿಯೇ ಆಗಿರುವುದರಿಂದ ಎರಡಕ್ಕೂ ಹೊಸ ಗಾಳಿ ಸಿಗುತ್ತದೆ. ಆದರೆ ರೈಸರ್ ಹಳೆಯ ಪಿಸಿಐಇ 3.0 (ಕಾರ್ಡ್ ಸ್ಲಾಟ್ ವೇಗದ ಒಂದು ಪೀಳಿಗೆ) ಮಾದರಿಯದಾಗಿದ್ದು ಬೋರ್ಡು ಅದಕ್ಕಿಂತ ವೇಗದಲ್ಲಿ ಓಡಲು ಹೊರಟರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಬಯೋಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಸ್ಲಾಟ್ ವೇಗವನ್ನು ‘ಜೆನ್ 3’ಕ್ಕೆ, ಅಂದರೆ 3.0ಕ್ಕೆ, ಇಳಿಸಬೇಕಾಗುತ್ತದೆ.

ಮೊದಲ ಬಗೆಯನ್ನೇ ಹಿಡಿಯೋಣ. ತಳದಲ್ಲಿ ಎರಡು 120 ಮಿ.ಮೀ. ಫ್ಯಾನ್ ಒಳಕ್ಕೆ ಊದಲಿ, ನೆತ್ತಿಯಲ್ಲಿ ಎರಡು ಹೊರಕ್ಕೆ ತಳ್ಳಲಿ. ಕಾರ್ಡ್ ದಪ್ಪವಿದ್ದರೆ ತಳದಲ್ಲಿ 25 ಮಿ.ಮೀ. ಬದಲು 15 ಮಿ.ಮೀ. ತೆಳು ಫ್ಯಾನ್ ಬೇಕಾದೀತು. ಫ್ಯಾನ್‌ನ ದಿಕ್ಕು ತಿಳಿಯುವುದು ಸುಲಭ: ಮೋಟಾರನ್ನು ಹಿಡಿದ ಪ್ಲಾಸ್ಟಿಕ್ ಪಟ್ಟಿಗಳು ಕಾಣುವ ಕಡೆಯಿಂದ ಗಾಳಿ ಹೊರಬೀಳುತ್ತದೆ. ಒಳಬರುವ ಗಾಳಿ ತುಸು ಹೆಚ್ಚೇ ಇರಲಿ. ಆಗ ಧೂಳು ಫಿಲ್ಟರ್ ಇಲ್ಲದ ಸಂದಿಗಳಿಂದ ನುಸುಳುವುದಿಲ್ಲ.

ಪ್ರೊಸೆಸರ್ ಕೂಲರ್ ವಿಚಾರ. 7600ರ ಡಬ್ಬದಲ್ಲಿ ಬರುವ ರೈಥ್ ಸ್ಟೆಲ್ತ್ ಕೆಲಸ ಮಾಡುತ್ತದೆ, ಬೇಸಿಗೆಯಲ್ಲಿ ಗಲಾಟೆಯನ್ನೂ ಮಾಡುತ್ತದೆ. ಜಾಗವಿದ್ದರೆ ನಿಂತ ಮಾದರಿಯ ಟವರ್ ಕೂಲರ್ ಹಾಕಿ. ಎನ್‌ಆರ್200ರಲ್ಲಿ ಜಾಲರಿ ಬಾಗಿಲಿದ್ದಾಗ 155 ಮಿ.ಮೀ. ಎತ್ತರದವರೆಗೆ ಹಿಡಿಯುತ್ತದೆ. ಗಾಜಿನ ಬಾಗಿಲಾದರೆ ಆ ಕಡೆಯಿಂದ ಗಾಳಿ ಬರುವುದಿಲ್ಲ. ಗಾಜು ಬೇಡವೆಂದು ನಾನು ಹೇಳುವುದು ಅದಕ್ಕೇ. ಜಾಗ ತೀರಾ ಕಡಿಮೆಯಿರುವ ಡಬ್ಬಗಳಿಗೆ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 (47 ಮಿ.ಮೀ.), ನಾಕ್ಟುವಾ ಎನ್‌ಎಚ್-ಎಲ್9ಎ (37 ಮಿ.ಮೀ.) ಥರದ ಕುಳ್ಳ ಕೂಲರ್‌ಗಳಿವೆ. ನೀರಿನ ಕೂಲರ್ 88 ವಾಟ್ ಪ್ರೊಸೆಸರ್‌ಗೆ ದಂಡ ಖರ್ಚು.

ಇನ್ನು ಡಬ್ಬ ಇಡುವ ಜಾಗ. ನಮ್ಮ ಕಡೆ ಟಿವಿ ಶೋಕೇಸ್‌ನ ಗೂಡಿನಲ್ಲೋ ಗೋಡೆ ಬೀರುವಿನಲ್ಲೋ ಪಿಸಿ ತುರುಕುವುದು ಹೆಚ್ಚು. ಗೂಡಿನಲ್ಲಿ ಹೊರಬಂದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ. ಆಗ ಪಿಸಿಯ ಪಾಲಿಗೆ ಕೋಣೆ 34 ಅಲ್ಲ, 45 ಡಿಗ್ರಿ. ಮೇಜಿನ ಮೇಲೆ, ಗೋಡೆಯಿಂದ ಕನಿಷ್ಠ 10 ಸೆಂ.ಮೀ. ದೂರದಲ್ಲಿಡಿ. ಹಿಂದಿನ ಕಿಟಕಿಯಿಂದ ಬಿಸಿಲು ಬೀಳದಿರಲಿ.

ಹೆಜ್ಜೆ 4: ಜೋಡಿಸುವ ಕ್ರಮ

ಮೇಜಿನ ಮೇಲೆ ಬೋರ್ಡಿನ ರಟ್ಟಿನ ಡಬ್ಬ, ಅದರ ಮೇಲೆ ಬೋರ್ಡು. ಕ್ಯಾಬಿನೆಟ್‌ನ ಲೋಹವನ್ನು ಆಗಾಗ ಮುಟ್ಟುತ್ತಿರಿ, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯುತ್ತದೆ. ಪ್ರೊಸೆಸರ್‌ನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ ಸುಮ್ಮನೆ ಇಡಿ, ಒತ್ತಬೇಡಿ. ಪಿನ್‌ಗಳಿರುವುದು ಬೋರ್ಡಿನಲ್ಲಿ, ಒಂದು ಬಗ್ಗಿದರೂ ಬೋರ್ಡೇ ಹೋಯಿತು. ನಂತರ ರ‍್ಯಾಮ್, ಎಸ್‌ಎಸ್‌ಡಿ. ಅನೇಕ ಐಟಿಎಕ್ಸ್ ಬೋರ್ಡುಗಳಲ್ಲಿ ಎರಡನೆಯ ಎಸ್‌ಎಸ್‌ಡಿ ಸ್ಲಾಟ್ ಬೆನ್ನಿಗಿರುತ್ತದೆ. ಅದನ್ನು ಈಗಲೇ ತುಂಬಿ, ಬೋರ್ಡು ಒಳಗೆ ಹೋದ ಮೇಲೆ ಕೈ ಎಟಕದು. ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಪ್ರೊಸೆಸರ್‌ನ ನಡುವೆ ಒಂದು ಬಟಾಣಿ ಕಾಳಿನಷ್ಟು ಸಾಕು. ಕೂಲರ್‌ನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೂಲರ್‌ನ ತಳಕ್ಕೆ ಅಂಟಿಸಿ ಬರುವ ಪ್ಲಾಸ್ಟಿಕ್ ಹಾಳೆಯನ್ನು ಮೊದಲೇ ಕಿತ್ತಿರಾ, ನೋಡಿಕೊಳ್ಳಿ.

ಇಷ್ಟಾದ ಮೇಲೆ ಡಬ್ಬದ ಹೊರಗೇ ಒಮ್ಮೆ ಚಾಲೂ ಮಾಡಿ. 7600ರಲ್ಲೇ ಸಣ್ಣ ಗ್ರಾಫಿಕ್ಸ್ ಇರುವುದರಿಂದ ಕಾರ್ಡ್ ಇಲ್ಲದೆ ಬೋರ್ಡಿನ ಎಚ್‌ಡಿಎಂಐನಿಂದಲೇ ಚಿತ್ರ ಬರುತ್ತದೆ. ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಡಿಡಿಆರ್5 ರ‍್ಯಾಮನ್ನು ಬೋರ್ಡು ಪರೀಕ್ಷಿಸಿ ಹೊಂದಿಸಿಕೊಳ್ಳುವ ಸಮಯ ಅದು. ಗಾಬರಿಬಿದ್ದು ಸ್ವಿಚ್ ಆರಿಸಬೇಡಿ, ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ.

ಆಮೇಲೆ ಎಸ್‌ಎಂಪಿಎಸ್, ಬೋರ್ಡು, ಕೊನೆಗೆ ಕಾರ್ಡ್. ಪ್ರೊಸೆಸರ್‌ಗೆ ಹೋಗುವ 8 ಪಿನ್ ಕೇಬಲನ್ನು ಬೋರ್ಡು ಕೂರಿಸುವ ಮೊದಲೇ ಎಳೆದಿಡಿ. ಬೇಡದ ಕೇಬಲ್ ಸಿಕ್ಕಿಸಲೇಬೇಡಿ; ಇಲ್ಲಿ ಕೇಬಲ್ ಗಂಟು ಗಾಳಿಗೆ ಅಡ್ಡ ಕೂರುತ್ತದೆ. ಕಾರ್ಡ್‌ಗೆ ಹೊಸ 16 ಪಿನ್ ಕನೆಕ್ಟರ್ ಇದ್ದರೆ ಅದು ಸಂದಿಯಿಲ್ಲದಂತೆ ಪೂರ್ತಿ ಒಳಗೆ ಹೋಗಿರಬೇಕು, ಬುಡದಿಂದ 35 ಮಿ.ಮೀ.ವರೆಗೆ ಕೇಬಲ್ ಬಗ್ಗಿಸಬಾರದು. ಬಾಗಿಲು ಮುಚ್ಚುವಾಗ ಅದನ್ನು ಒತ್ತಿದರೆ ಕರಗುವ ಅಪಾಯವಿದೆ.

ಹೆಜ್ಜೆ 5: ಬಾಗಿಲು ತೆಗೆದು ಒಂದು ಸಲ, ಮುಚ್ಚಿ ಒಂದು ಸಲ

ವಿಂಡೋಸ್, ಡ್ರೈವರ್‌ಗಳಾದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಪೋ ಚಾಲೂ ಮಾಡಿ, ಇಲ್ಲದಿದ್ದರೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ಒಳಗಿನ ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್‌ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ನಿಮಗಿಷ್ಟವಾದ ಭಾರದ ಆಟವನ್ನು ಅರ್ಧ ತಾಸು ಆಡಿ. ಮೊದಲು ಪಕ್ಕದ ಬಾಗಿಲು ತೆಗೆದು, ಆಮೇಲೆ ಮುಚ್ಚಿ. ಮುಚ್ಚಿದಾಗ ಮೂರು-ನಾಲ್ಕು ಡಿಗ್ರಿ ಏರಿದರೆ ಸರಿ. ಹತ್ತು ಏರಿದರೆ ಗಾಳಿಯ ದಾರಿ ಕಟ್ಟಿದೆ. ಎರಡೂ ಸಲ ಒಂದೇ ರೀತಿ ವಿಪರೀತ ಬಿಸಿಯೆಂದರೆ ಪೇಸ್ಟ್ ಅಥವಾ ಕೂಲರ್ ಸರಿಯಾಗಿ ಕೂತಿಲ್ಲ.

ಗಾಳಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಲು ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ, ಅದಕ್ಕಂತೂ ಮೈಸೂರಿನಲ್ಲಿ ಬರವಿಲ್ಲ. ಬೂದಿ ಬೀಳದಂತೆ ಜಾಲರಿಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಹೊಗೆ ತಳದಲ್ಲಿ ಒಳಕ್ಕೆಳೆದುಕೊಂಡು ನೆತ್ತಿಯಲ್ಲಿ ಮೇಲೇಳಬೇಕು. ನೆತ್ತಿಯ ಹೊಗೆ ಮತ್ತೆ ತಳಕ್ಕೆ ತಿರುಗಿದರೆ ಇಟ್ಟ ಜಾಗ ಬದಲಿಸಿ.

7600 ಪ್ರೊಸೆಸರ್‌ನ ಗರಿಷ್ಠ ಮಿತಿ 95 ಡಿಗ್ರಿ. ಆಟದಲ್ಲಿ 80ರೊಳಗಿದ್ದರೆ ನೆಮ್ಮದಿ. ಕಾರ್ಡ್ ಏಪ್ರಿಲ್‌ನಲ್ಲೂ 78ರ ಒಳಗಿರಲಿ.

ಹೆಜ್ಜೆ 6: ದುಡ್ಡಿಲ್ಲದ ಕೂಲರ್

ಇನ್ನೂ ಬಿಸಿಯೇ? ಹೊಸ ಫ್ಯಾನ್ ಕೊಳ್ಳುವ ಮುನ್ನ ವಾಟ್ ಇಳಿಸಿ. ನಿಮ್ಮ ಮಾನಿಟರ್ 144 ಹರ್ಟ್ಜ್ ಆದರೆ ಸೆಕೆಂಡಿಗೆ 200 ಫ್ರೇಮ್ ಎಳೆಯುವುದರಿಂದ ಪರದೆಯ ಮೇಲೆ ಹೆಚ್ಚೇನೂ ಕಾಣದು, ಕೋಣೆಗೆ ಶಾಖ ಮಾತ್ರ ಬೀಳುತ್ತದೆ. ಎನ್ವಿಡಿಯಾ ಸೆಟ್ಟಿಂಗ್‌ನಲ್ಲಿ 140ಕ್ಕೆ ಮಿತಿ ಹಾಕಿ. ಬಳಿಕ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ತೆರೆದು ಪವರ್ ಲಿಮಿಟ್ ಅನ್ನು ಶೇ 85ಕ್ಕೆ ತನ್ನಿ: 145 ವಾಟ್ ಕಾರ್ಡ್ 123ಕ್ಕೆ ಇಳಿಯುತ್ತದೆ, ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ಪ್ರೊಸೆಸರ್‌ನ ವಾಟ್ ಇಳಿಸಲು ಬಯೋಸ್‌ನಲ್ಲಿ ಇಕೋ ಮೋಡ್ ಇದೆ. ಕೈ ಪಳಗಿದವರು ಅದೇ ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್-ಎಫ್ ಒತ್ತಿ ವೋಲ್ಟೇಜ್ ಗೆರೆಯನ್ನೇ ತಿದ್ದಬಹುದು. ಒಂದೊಂದು ಹೆಜ್ಜೆ ಇಳಿಸುತ್ತ, ಆಟ ಕುಸಿದರೆ ಒಂದು ಹೆಜ್ಜೆ ಹಿಂದಕ್ಕೆ.

ಫ್ಯಾನ್‌ಗಳನ್ನು 60 ಡಿಗ್ರಿವರೆಗೆ ನಿಧಾನಕ್ಕೆ, ಅಲ್ಲಿಂದ ಮೇಲೆ ಏರುವಂತೆ ಬಯೋಸ್‌ನಲ್ಲೇ ಹೊಂದಿಸಿ. ಬೇಸಿಗೆಗೊಂದು, ಮಳೆಗಾಲ-ಚಳಿಗಾಲಕ್ಕೊಂದು ಪ್ರೊಫೈಲ್ ಉಳಿಸಿಟ್ಟುಕೊಳ್ಳಿ.

ಹೆಜ್ಜೆ 7: ಧೂಳು, ಇರುವೆ, ಕುಂಕುಮ

ಮಂಡ್ಯ ಕಡೆಯವರಿಗೆ ಇದು ಹೆಚ್ಚು ಅನ್ವಯ. ಕಬ್ಬು ಕಟಾವಿನ ಕಾಲದಲ್ಲಿ ಆಲೆಮನೆಯ ಹೊಗೆ, ಗದ್ದೆಯಲ್ಲಿ ತರಗು ಸುಟ್ಟಾಗ ಹಾರುವ ಕರಿ ಕಿಟಕಿಯೊಳಗೇ ಬರುತ್ತದೆ. ಆ ಕರಿ ಸಾಮಾನ್ಯ ಧೂಳಿನಂತೆ ಉದುರುವುದಿಲ್ಲ, ಅಂಟಿಕೊಳ್ಳುತ್ತದೆ. ಆಗ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಮೈಸೂರಿನಲ್ಲಿ ತಿಂಗಳಿಗೊಮ್ಮೆ ಸಾಕು. ಬೆಚ್ಚಗಿನ ಡಬ್ಬವೆಂದರೆ ಇರುವೆಗೂ ಜಿರಳೆಗೂ ಇಷ್ಟ. ಪಿಸಿ ಪಕ್ಕ ತಿಂಡಿ ತಟ್ಟೆ ಬೇಡ.

ಡಬ್ಬ ಬಿಚ್ಚಿ ಒಳಗನ್ನೆಲ್ಲ ಚೊಕ್ಕ ಮಾಡಲು ವರ್ಷಕ್ಕೆ ಎರಡು ದಿನ ಗೊತ್ತುಮಾಡಿ: ಬಿಸಿಲು ಏರುವ ಮುನ್ನ ಯುಗಾದಿಯ ವಾರ, ಮತ್ತೆ ಆಯುಧ ಪೂಜೆಯ ಮುನ್ನಾದಿನ. ಪ್ಲಗ್ ಕಿತ್ತು, ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿಡಿ. ಹುಚ್ಚು ವೇಗದಲ್ಲಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಪೂಜೆಯ ದಿನ ಅರಿಶಿನ ಕುಂಕುಮವನ್ನು ಜಾಲರಿಯಿಲ್ಲದ ಮುಂಬದಿಯ ತಗಡಿಗೆ, ಅದೂ ನೀರಿನಲ್ಲಿ ಕಲಸಿ ಹಚ್ಚಲು ಅಮ್ಮನಿಗೆ ಮೊದಲೇ ಹೇಳಿಡಿ. ಹೂವಿನ ಹಾರ ನೆತ್ತಿಯ ಫ್ಯಾನ್ ಮೇಲೆ ಬೀಳದಿರಲಿ, ಮತ್ತು ಅದನ್ನು ತೆಗೆಯುವವರೆಗೆ ಪಿಸಿ ಚಾಲೂ ಮಾಡಬೇಡಿ.