3414: ಹತ್ತನೇ ತರಗತಿಯಲ್ಲಿ ನನ್ನ ಎಸ್ಕೇಪ್ ಗೇಮ್

ಬೀಗ, ಪೆಟ್ಟಿಗೆ ಹೊತ್ತುಕೊಂಡು ತರಗತಿಗೆ ಹೊರಟಾಗ ಸಹೋದ್ಯೋಗಿಯೊಬ್ಬರು, "ಮೇಷ್ಟ್ರೇ, ಪಾಠ ಮುಗಿಸುವುದು ಯಾವಾಗ?" ಎಂದಿದ್ದರು. ಈ ವರ್ಷ ಅವರೇ ಪೆಟ್ಟಿಗೆಗಳನ್ನು ಎರವಲು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪಾಠದ ಸುಳಿವು ಬಿಡಿಸಿದರೆ ಅಂಕಿಗಳು ಸಿಗುತ್ತವೆ, ಆ ಅಂಕಿಗಳಿಗೆ ಪೆಟ್ಟಿಗೆಯ ಬೀಗ ತೆರೆಯುತ್ತದೆ. ಇಷ್ಟೇ ಈ ಆಟ.

ಮೊದಲು ಕೈ ಸುಟ್ಟುಕೊಂಡದ್ದು ಬೀಗದಲ್ಲಿ. ಅಗ್ಗವೆಂದು ಮೂರಂಕಿಯ ಬೀಗ ಆರು ತಂದೆ, ಒಂದಕ್ಕೆ ನೂರರ ಆಸುಪಾಸು. ಹಿಂದಿನ ಬೆಂಚಿನ ಹುಡುಗನೊಬ್ಬ ಸುಳಿವಿನ ಚೀಟಿಯನ್ನು ಮುಟ್ಟಲೇ ಇಲ್ಲ. 000ದಿಂದ ತಿರುಗಿಸುತ್ತಾ ಹೋಗಿ ಕಾಲು ಗಂಟೆಯೊಳಗೆ ತೆರೆದುಬಿಟ್ಟ. ಇರುವುದೇ ಸಾವಿರ ಸಾಧ್ಯತೆ! ಆರುನೂರು ರೂಪಾಯಿ ನೀರಿನಲ್ಲಿ ಹೋಮವಾಯಿತು. ಮತ್ತೆ ನಾಲ್ಕಂಕಿಯವು, ಹಳೆಯ ಟ್ರಂಕುಗಳು ಎಲ್ಲ ಸೇರಿ ಜೇಬಿನಿಂದ ಎರಡು ಸಾವಿರ ಹೋಗಿರಬಹುದು.

ಆದರೆ ಆಟ ಪಾಠವಾದದ್ದು ಆ ನಾಲ್ಕನೆಯ ಅಂಕಿಯಿಂದಲೇ. ಕಬ್ಬಿಣ ಮತ್ತು ಹಬೆಯ ಸಮೀಕರಣವನ್ನು (Fe + H₂O → Fe₃O₄ + H₂) ಎರಡೂ ಬದಿಯ ಪರಮಾಣುಗಳು ಸಮನಾಗುವಂತೆ ಸರಿದೂಗಿಸಿ, ಸಹಗುಣಕಗಳನ್ನು, ಅಂದರೆ ಸೂತ್ರಗಳ ಮುಂದೆ ಬರುವ ಅಂಕಿಗಳನ್ನು, ಸಾಲಾಗಿ ಕೂರಿಸಿದರೆ ಬೀಗ ತೆರೆಯಬೇಕು. ತಂಡಗಳೆಲ್ಲ 3, 4, 4 ಎಂದು ಬರೆದುಕೊಂಡು ಬಂದವು. ಬೀಗದಲ್ಲಿ ಒಂದು ಚಕ್ರ ಮಿಕ್ಕಿತು. ನಾನು ತುಟಿ ಬಿಚ್ಚಲಿಲ್ಲ. ಕೊನೆಗೆ ಒಬ್ಬಳು ಹುಡುಗಿ Fe₃O₄ ಮೇಲೆ ಬೆರಳಿಟ್ಟು, "ಸರ್, ಬರೆಯದಿದ್ದರೂ ಇಲ್ಲಿ ಒಂದು ಇದೆ" ಎಂದಳು. 3414. ಟಕ್ ಎಂದಿತು. ವರ್ಷಗಟ್ಟಲೆ ಕಪ್ಪುಹಲಗೆಯಲ್ಲಿ ಹೇಳಿಯೂ ತಲೆಗೆ ಇಳಿಸಲಾಗದ "ಒಂದು" ಅದು. ಘಟಕ ಪರೀಕ್ಷೆಯಲ್ಲಿ ನಲವತ್ತು ಮಕ್ಕಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸರಿದೂಗಿಸಿದರು. ಹಿಂದಿನ ವರ್ಷ ಹದಿನೈದು ದಾಟಿರಲಿಲ್ಲ.

ಗುಪ್ತ ಬರಹವೂ ಒಮ್ಮೆ ಕೈಕೊಟ್ಟಿತು. ಹಿಂದಿನ ಸಂಜೆಯೇ ಸುಣ್ಣದ ತಿಳಿಯಲ್ಲಿ ಬರೆದಿಟ್ಟಿದ್ದೆ. ಮರುದಿನ ಅರಿಶಿನದ ನೀರು ಸವರಿದರೆ ಕೆಂಪೇರಲೇ ಇಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿತ್ತು, ಅರಿಶಿನವನ್ನು ಕೆಂಪಾಗಿಸುವಷ್ಟು ಕ್ಷಾರಗುಣ ಉಳಿದಿರಲಿಲ್ಲ. ಗೋಡೆಗೆ ಬಳಿದ ಸುಣ್ಣವೂ ಹೀಗೆಯೇ ಬದಲಾಗುತ್ತದೆ ಎಂಬ ಪಾಠವನ್ನು ನಾನೇ ಮರೆತಿದ್ದೆ. ಈಗ ವಾಷಿಂಗ್ ಸೋಡಾ ಬಳಸುತ್ತೇನೆ, ಅಕ್ಷರ ಎದ್ದು ಕಾಣುತ್ತದೆ.

ಕನ್ನಡದ ಮೇಡಂ ಕೂಡ ಒಂದು ಪೆಟ್ಟಿಗೆ ಮಾಡಿದರು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಪ್ರಸ್ತಾರ ಹಾಕಿ (ಲಘು-ಗುರು ಗುರುತಿಸಿ) ಮಾತ್ರೆಗಳ ಗಣ, ಅಂದರೆ ಗುಂಪು, ಬಿಡಿಸಿದರೆ 3434. ಮಕ್ಕಳು ಅದನ್ನು ನನ್ನದಕ್ಕಿಂತ ಬೇಗ ತೆರೆದರು. ಲಯ ಕಿವಿಗೆ ಸಿಕ್ಕಿತ್ತಲ್ಲ.

ಊಹಿಸಿ ತಿರುಗಿಸುವವರಿಗೆ ನನ್ನದೊಂದು ನಿಯಮ: ಮೂರು ಸಲ ತಪ್ಪಿದರೆ ಬೀಗ ಎರಡು ನಿಮಿಷ ನನ್ನ ಕೈಯಲ್ಲಿ. "ಎ" ವಿಭಾಗದ ಉತ್ತರ "ಬಿ" ವಿಭಾಗಕ್ಕೆ ಸೋರದಂತೆ ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ನಮ್ಮ ಮಕ್ಕಳೂ ಇದನ್ನು ಓದುತ್ತಾರೆ. ಪೆಟ್ಟಿಗೆಯೊಳಗೆ ಕಡಲೆಮಿಠಾಯಿ, ಒಂದು ಸಲಕ್ಕೆ ಇನ್ನೂರು ರೂಪಾಯಿಯಾಗುತ್ತದೆ.